ಜೊತೆಗೆ ಯಾರೂ ಇಲ್ಲ

ಹಿರೇಬಯಲು ವಿಮಾನ ಮೈದಾನ,
೨೧೯೭, ಫೆಬ್ರವರಿ ೩೦

ಪೂಜ್ಯ ಶಶಿಕಲಾ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮೊಮ್ಮಗಳು ಇಂದುಮತಿಯ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತು ದಿನ ಹೇಗೆ ಬಂದವೆಂದು ಬೆರಗಾಗಬೇಡಿ. ನಮ್ಮವರು ಪಂಚಾಂಗವನ್ನೂ ತಿದ್ದಿದ್ದಾರೆ. ನಿಮಗಿಂತ ಎಷ್ಟೋ ವರ್ಷ ಮುಂದಿನ ಕಾಲದಿಂದ ಬರೆಯುತ್ತಿರುವುದರಿಂದ ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಹವ್ಯಾಸಿ ವೈಮಾನಿಕರ ಕಸರತ್ತಿನ ಸ್ಪರ್ಧೆಗೆಂದು ನೀವು ಇಡಲಿರುವ ಬೆಳ್ಳಿ ಕಪ್ ಇಂದು ನನ್ನ ಮನೆಯಲ್ಲಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಿಯಮಗಳನ್ನು ನೀವಿನ್ನೂ ಬರೆದಿರಲಿಕ್ಕಿಲ್ಲ, ಹಾಗಾಗಿ ವಿವರಿಸುತ್ತೇನೆ. ಮೆಟ್ಟಿಲುಗಳಂತೆ ವಿಭಾಗಗಳು ಮೂರು, ನಿಮ್ಮ ಕಪ್ ಮೊದಲನೆಯದಕ್ಕೆ ಮಾತ್ರ. ಮೊದಲ ಮೆಟ್ಟಿಲಿನವರು ಆಕಾಶದಲ್ಲಿ ಒಂದು ಲಾಗ, ಒಂದು ಉರುಳು, ಒಂದು ಸ್ಪಿನ್ ತೋರಿಸಬೇಕು. ಸ್ಪಿನ್ ಎಂದರೆ ವಿಮಾನವನ್ನು ಬುಗುರಿಯಂತೆ ಸುತ್ತಿಸುತ್ತ ಕೆಳಗಿಳಿಸಿ, ಹೇಳಿದ ದಿಕ್ಕಿಗೇ ನಿಲ್ಲಿಸುವುದು. ಪಕ್ಕದಲ್ಲಿ ಗುರುವನ್ನು ಕೂರಿಸಿಕೊಂಡೂ ಸ್ಪರ್ಧಿಸಬಹುದು. ಅಂಕ ಸಿಗುತ್ತದೆ, ಕಪ್ ಸಿಗದು. ಕಪ್ಪಿಗೆ ನಿಮ್ಮ ಕೈಬರಹದ ನಿಯಮವೇ ಇದೆ: ವಿಮಾನದಲ್ಲಿ ಪೈಲಟ್ ಹೊರತು ಯಾರೂ ಇರಕೂಡದು. ಮೂರು ವರ್ಷ ಸ್ಪರ್ಧಿಸಿದವರು ಮೇಲಿನ ಮೆಟ್ಟಿಲಿಗೆ ಹೋಗಲೇಬೇಕು, ಆಮೇಲೆ ಈ ಕಪ್ಪಿನ ಆಸೆ ಬಿಡಬೇಕು.

ನಮ್ಮ ಕಾಲದಲ್ಲಿ ಕಿವಿಗೆಳತಿ ಎಂಬುದೊಂದಿದೆ. ಜೋಳದ ಕಾಳಿನಷ್ಟು ಯಂತ್ರ. ಎಳವೆಯಿಂದಲೇ ಕಿವಿಯಲ್ಲಿ ಕೂತು ಮಾತಾಡುತ್ತದೆ. ಹಾಲು ಉಕ್ಕುವ ಮುನ್ನ ಎಚ್ಚರಿಸುತ್ತದೆ, ಮರೆತ ಹೆಸರು ನೆನಪಿಸುತ್ತದೆ. ಅದನ್ನು ತೆಗೆದಿಟ್ಟರೆ ನಮ್ಮಲ್ಲಿ ಅನೇಕರಿಗೆ ಹೊಸ್ತಿಲು ದಾಟಲೂ ಭಯ. ಪ್ರವೇಶಪತ್ರದಲ್ಲಿ ‘ಜೊತೆಗೆ ಯಾರಿದ್ದಾರೆ?’ ಎಂಬ ಸಾಲಿನ ಮುಂದೆ ನಾನು ‘ಯಾರೂ ಇಲ್ಲ’ ಎಂದು ಬರೆದೆ. ಯಂತ್ರ ‘ಯಾರು’ ಅಲ್ಲ, ‘ಏನು’ ತಾನೆ? ಕಳ್ಳನಿಗೊಂದು ಪಿಳ್ಳೆ ನೆವ.

ಸ್ಪಿನ್ನಿನಲ್ಲಿ ಹೊಲ, ಕೆರೆ, ಗುಡ್ಡ ಎಲ್ಲವೂ ಗಿರಗಿರ ತಿರುಗಿ ನನಗೆ ದಿಕ್ಕು ತಪ್ಪಿತು. ‘ಈಗ ಎಡಗಾಲು ಒತ್ತು’ ಎಂದಿತು ಅದು. ಒತ್ತಿದೆ. ವಿಮಾನ ಗೆರೆ ಎಳೆದಂತೆ ನಿಂತಿತು.

ನೀಲಕ್ಕ ಮಾತ್ರ ತನ್ನ ಕಿವಿಗೆಳತಿಯನ್ನು ತೆಗೆದು, ತೀರ್ಪುಗಾರರ ಮೇಜಿನ ಮೇಲಿಟ್ಟು ವಿಮಾನ ಹತ್ತಿದ್ದಳು. ಅರವತ್ತರ ಹೆಂಗಸು, ನನಗೆ ಹಾರುವ ಹುಚ್ಚು ಹಿಡಿಸಿದವಳೇ ಅವಳು. ಅವಳಿಗದು ಮೂರನೆಯ ವರ್ಷ. ಅರ್ಧ ಅಂಕದಿಂದ ಸೋತಳು. ನನ್ನ ಕೆನ್ನೆ ಸವರಿ, “ಒಬ್ಬಾಕಿನ ಹಾರಿ ಇಷ್ಟು ಚಂದ ನಿಲ್ಲಿಸೀದಿ ತಂಗಿ, ಸೋತದ್ದಕ್ಕ ನನಗ ಬ್ಯಾಸರಿಲ್ಲ” ಎಂದಳು. ‘ಧನ್ಯವಾದ ಹೇಳು’ ಎಂದಿತು ಕಿವಿಗೆಳತಿ. ಹೇಳಿದೆ.

ಅಜ್ಜಿ, ನನ್ನದೊಂದು ಕೋರಿಕೆ. ನಿಯಮ ಬರೆಯುವಾಗ ‘ಯಾರೂ’ ಎಂಬುದರ ಪಕ್ಕದಲ್ಲಿ ‘ಏನೂ’ ಎಂದೂ ಸೇರಿಸಿಬಿಡಿ. ಕಪ್ ತಾನಾಗಿಯೇ ಅವಳ ಮನೆ ಸೇರಲಿ, ನಾನು ಬಾಯಿ ಬಿಡುವ ಪ್ರಸಂಗವೇ ಬಾರದಿರಲಿ.

ಇಷ್ಟು ಬರೆದು ಓದಿಕೊಂಡಾಗ ಮುಖ ಮುಚ್ಚಿಕೊಳ್ಳುವಂತಾಯಿತು. ನೀಲಕ್ಕನ ಮನೆ ಇಲ್ಲಿಂದ ಮೂರನೆಯ ಬೀದಿ. ಅಲ್ಲಿಗೆ ಹೋಗಲಾರದೆ ನೂರೆಪ್ಪತ್ತು ವರ್ಷ ಹಿಂದಕ್ಕೆ ಕಾಗದ ಬರೆಯುತ್ತ ಕೂತಿದ್ದೇನೆ. ಕೋರಿಕೆಯನ್ನು ಮರೆತುಬಿಡಿ.

ಕಿವಿಗೆಳತಿಯನ್ನು ತೆಗೆದು ಕಪ್ಪಿನೊಳಗೆ ಹಾಕಿದೆ. ಠಣ್ ಎಂದಿತು. ಎರಡನ್ನೂ ಹಿಡಿದುಕೊಂಡು ಹೊರಟಿದ್ದೇನೆ. ಬಾಗಿಲು ತೆರೆದಾಗ ನೀಲಕ್ಕನಿಗೆ ಏನು ಹೇಳಬೇಕೆಂದು ಹೇಳಿಕೊಡಲು ನನ್ನ ಜೊತೆಗೆ ಯಾರೂ ಇಲ್ಲ, ಏನೂ ಇಲ್ಲ.

ನಿಮ್ಮ,
ಇಂದುಮತಿ