ಕೊನೆಯ ತೊಳೆ

ಮಂಗಳವಾರ, ಮಾರ್ಚ್ ೧೧

ಎಲ್ಲರೂ ಮೊಂಡ ಎಂದು ಕರೆಯುವ ಹುಡುಗನಿಗೆ ನಿನ್ನೆ ಗದರಿದ್ದು ಬೆಳಗಿನಿಂದ ಚುಚ್ಚುತ್ತಲೇ ಇತ್ತು. "ಮತ್ತೆ ಸೇದಿದ್ದೀಯಲ್ಲ, ಇನ್ನು ನನ್ನ ಗುಂಪಿಗೆ ಬರಬೇಡ" ಎಂದುಬಿಟ್ಟಿದ್ದೆ. ಈ ಶಾಲೆಯಲ್ಲಿ ನನ್ನ ಕೆಲಸ ಮಕ್ಕಳನ್ನು ಗುಂಪಾಗಿ ಕೂರಿಸಿ ಸಿಗರೇಟು ಬಿಡಿಸುವುದು, ಹುಡುಗರನ್ನು ಓಡಿಸುವುದಲ್ಲ.

ಇಂದು ಊಟದ ಬಿಡುವಿನಲ್ಲಿ ನೋಡಿದರೆ, ಶಾಲೆಯ ಸೈಕಲ್ ಶೆಡ್ಡಿನ ಹಿಂದೆ ಮೊಂಡನೂ ಸೇರಿ ನಾಲ್ವರು ನಿಂತಿದ್ದಾರೆ. ಅದು ಅವರು ಸೇದುತ್ತಿದ್ದ ಜಾಗ. ಅತ್ತ ಸುಳಿಯಲೇಬೇಡಿ ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಬೈಯಲೆಂದೇ ಹೋದೆ.

ಹೊಗೆಯಿಲ್ಲ, ಕಿತ್ತಳೆ ಹಣ್ಣಿನ ಘಮ. ಒಂದೊಂದೇ ತೊಳೆ ಕೈಯಿಂದ ಕೈಗೆ ಹೋಗುತ್ತಿತ್ತು, ಥೇಟ್ ಸಿಗರೇಟಿನ ಹಾಗೆ.

"ಏನ್ರಪ್ಪಾ ಇದು?"

"ಹೊಗೆ ಹೆಂಗೋ ಬಿಟ್ವಿ ಮಿಸ್," ಎಂದಳು ಗುಂಗುರು ಕೂದಲಿನವಳು. "ಕೊನೇ ದಮ್ಮು ನಿಂಗಿರ್ಲಿ ಅಂತ ಒಬ್ರಿಗೊಬ್ರು ಉಳಿಸ್ತಿದ್ವಲ್ಲ, ಅದನ್ನ ಬಿಡೋಕಾಗ್ಲಿಲ್ಲ."

ಶ್ವಾಸಕೋಶದ ಚಿತ್ರ ತೋರಿಸಿ ಹೆದರಿಸುತ್ತಲೇ ಬಂದವಳು ನಾನು. ಇದು ಹೊಳೆದೇ ಇರಲಿಲ್ಲ.

ಕೊನೆಯ ತೊಳೆಯನ್ನು ಅವಳು ಮೊಂಡನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳದೆ ನನ್ನ ಮುಖ ನೋಡಿದ.

"ತಗೊಳ್ಳೋ" ಎಂದೆ.

ರಸ ಸೋರುತ್ತಿದ್ದರೂ ಅದನ್ನು ಎರಡು ಮಾಡಿ, ದೊಡ್ಡ ತುಂಡನ್ನು ನನ್ನ ಕೈಗಿಟ್ಟ.

ಬೆರಳಲ್ಲಿ ಆ ಘಮ ಇನ್ನೂ ಇದೆ. ಎಂಥ ಮಕ್ಕಳಪ್ಪಾ ಇವು!