ಮೇಲಿನ ಮನೆಯ ತಾರಸಿ

ಸೆವ್ವಾಪೇಟೆ, ಸೇಲಂ
ಗುರುವಾರ, ೨೪ ಏಪ್ರಿಲ್ ೨೦೨೫

ಪ್ರೀತಿಯ ಶಾಂತಾ,

ಹೇಗಿದ್ದೀ? ಧಾರವಾಡದ ನೀರು ಮೈಗೆ ಒಗ್ಗಿತೇ? ಬಾಣಂತಿ ಭುವನಾಗೆ ಎಣ್ಣೆ ನೀರು ಹಾಕುವಾಗ ಎಲ್ಲಕ್ಕೂ ನೀನೇ ಬಗ್ಗಬೇಡ, ಸೊಂಟದ ನೆನಪಿರಲಿ. ಮೊಮ್ಮಗ ಮಲಗುತ್ತಾನೋ, ನಿನ್ನನ್ನು ಕುಣಿಸುತ್ತಾನೋ? ನಾನು ಆರೋಗ್ಯವಾಗಿದ್ದೇನೆ. ಸಾರು ಮಾಡುವುದು ಕಲಿತೆ, ಹುಳಿ ಮಾತ್ರ ದಿನವೂ ಮುಂದಾಗುತ್ತದೆ. ದಿನಾ ಫೋನಿನಲ್ಲಿ ಮಾತಾಡುವವನು ಈಗ ಕಾಗದ ಯಾಕೆ ಬರೆದ ಎಂದು ನಿನಗೆ ಅನ್ನಿಸಬಹುದು. ಇದರ ಜೊತೆ ನಿನ್ನ ಸಹಿ ಬೇಕಾದ ಒಂದು ಒಪ್ಪಿಗೆ ಪತ್ರವಿದೆ. ಅಲ್ಲದೆ, ಹೇಳಬೇಕಾದದ್ದನ್ನು ನಿನ್ನ ದನಿ ಕೇಳುತ್ತಾ ಹೇಳಲು ನನಗೆ ಬಾಯಿ ಬರಲಿಲ್ಲ.

ಬಾಡಿಗೆ ಮನೆಗಳಲ್ಲಿ ಸೆಖೆ ತಗ್ಗಿಸಿ ಕರೆಂಟು ಉಳಿಸಬೇಕೆಂದು ಸರ್ಕಾರದವರು ನಮ್ಮ ವಾರ್ಡಿಗೆ ಒಂದು ಯೋಜನೆ ತಂದಿದ್ದಾರೆ. ತಾರಸಿಗೆ ಬಿಸಿಲು ಹಿಡಿಯದ ಬಿಳಿ ಬಣ್ಣ ಬಳಿಯುತ್ತಾರೆ, ಹಳೆಯ ಫ್ಯಾನು ತೆಗೆದು ಕಡಿಮೆ ಕರೆಂಟಿನದು ಹಾಕುತ್ತಾರೆ. ಖರ್ಚೆಲ್ಲ ಅವರದೇ. ಆದರೆ ಮನೆಯ ಮಾಲೀಕರು ಒಪ್ಪಿ ಸಹಿ ಹಾಕಬೇಕು, ಮೂರು ವರ್ಷ ಬಾಡಿಗೆ ಏರಿಸಬಾರದು, ಬಾಡಿಗೆಯವರನ್ನು ಬಿಡಿಸಬಾರದು. ಮೇಲಿನ ಮನೆಯ ಮೇನಕಾ ಇದನ್ನು ಎಲ್ಲೋ ತಿಳಿದುಕೊಂಡು ಬಂದಳು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲೇ ನಿಂತು ಕೇಳಿದಳು. ಆಗುವುದಿಲ್ಲವೆಂದು ಕಳಿಸಿಬಿಟ್ಟೆ. ಕಾರಣ ಬರೆಯಲು ನಾಚಿಕೆಯಾಗುತ್ತದೆ. ಅವರನ್ನು ಬಿಡಿಸುವ ಯೋಚನೆ ನನಗೆ ಇರಲೇ ಇಲ್ಲ. ಬೇಕೆಂದಾಗ ಬಿಡಿಸಬಹುದು ಎಂಬ ಹಿಡಿತ ಮಾತ್ರ ಕೈಯಲ್ಲಿರಲಿ ಅನ್ನಿಸಿತು. ಜೀವಮಾನವೆಲ್ಲ ಆಫೀಸಿನಲ್ಲಿ ಕಂಡಕಂಡವರಿಗೆ ಸರ್ ಸರ್ ಎಂದು ಬಂದವನನ್ನು ಅಯ್ಯಾ ಎಂದು ಕೇಳಿಕೊಂಡು ಬರುವವರು ಈಗ ಅವರಷ್ಟೇ ತಾನೇ.

ಸೋಮವಾರ ಮಧ್ಯಾಹ್ನ ನಲ್ಲಿಯಲ್ಲಿ ನೀರು ನಿಂತಿತು. ಟ್ಯಾಂಕು ನೋಡಲು ಮೇಲೆ ಹೋದೆ. ಅವರ ಬಾಗಿಲು ತೆರೆದಿತ್ತು. ಪೆರುಮಾಳ್ ಬೆಳ್ಳಿ ಕಾಲ್ಗೆಜ್ಜೆಯ ಕೊಂಡಿಗಳಿಗೆ ಬೆಸುಗೆ ಹಾಕುತ್ತಾ ಕೂತಿದ್ದ. ಬೆಸುಗೆ ಹಾಕುವಷ್ಟು ಹೊತ್ತೂ ಫ್ಯಾನು ನಿಲ್ಲಿಸಿರಬೇಕು, ಇಲ್ಲದಿದ್ದರೆ ಉರಿ ಅಲ್ಲಾಡುತ್ತದೆ ಎಂಬುದು ನನಗೆ ಗೊತ್ತಾದದ್ದೇ ಆಗ. ಮೇಲೆ ಕಾದ ತಾರಸಿ, ಕೆಳಗೆ ಆ ಉರಿ. ಮಗು ಒದ್ದೆ ಸೀರೆಯ ಮೇಲೆ ಬರಿಮೈಯಲ್ಲಿ ಮಲಗಿತ್ತು, ಕತ್ತಿನ ತುಂಬ ಬೆವರುಸಾಲೆ. ಮೇನಕಾ ಗಂಡನಿಗೆ ಬೆನ್ನು ಕೊಟ್ಟು, ಗಾಳಿ ಅವನ ಕಡೆ ಹೋಗದಂತೆ ಅಡ್ಡ ಕೂತು, ಒಂದು ರಟ್ಟಿನ ತುಂಡಿನಿಂದ ಮಗುವಿಗೆ ಬೀಸುತ್ತಿದ್ದಳು. ನನ್ನನ್ನು ಕಂಡದ್ದೇ ಎದ್ದು ಮಡಕೆಯ ನೀರು ತಂದುಕೊಟ್ಟಳು. ನಾನು ಕುಡಿಯುತ್ತಿರುವಾಗ ನಮ್ಮ ಭುವನಾಳ ಮಗುವನ್ನು ವಿಚಾರಿಸಿದಳು.

"ಅಲ್ಲಿ ತಣ್ಣಗೈತಾ ಅಯ್ಯಾ? ಕೊಳಂದೆ ಚೆನ್ನಾಗಿ ಮಲಗ್ತೈತಾ?"

ತಣ್ಣಗಿದೆ ಎಂದೆ. ಆ ಕ್ಷಣದಲ್ಲೇ ಬಣ್ಣಕ್ಕೆ ಒಪ್ಪಿಬಿಡಬಹುದಿತ್ತು. ಅದೂ ಆಗಲಿಲ್ಲ ನನ್ನಿಂದ. ಟ್ಯಾಂಕಿನ ಮಾತೇನೋ ಆಡಿ ಇಳಿದುಬಂದೆ. ಮರುದಿನ ಮಗುವಿಗೆ ಜ್ವರ ಬಂತು. ಸೆಖೆಯಿಂದ ದೂರ ಇಡಿ ಎಂದರಂತೆ ಡಾಕ್ಟರು. ಮೇನಕಾ ಮಗುವನ್ನು ಎತ್ತಿಕೊಂಡು ಮೊರಪ್ಪೂರಿನ ತಾಯಿಮನೆಗೆ ಹೋದಳು. ಗಾಬರಿಯಾಗಬೇಡ, ಈಗ ಜ್ವರ ಇಳಿದಿದೆ. ಪೆರುಮಾಳ್ ಒಬ್ಬನೇ ಮೇಲೆ ಕೂತು ಕೆಲಸ ಮಾಡುತ್ತಾನೆ. ನಿನ್ನೆ ನಾನೇ ವಾರ್ಡ್ ಆಫೀಸಿಗೆ ಹೋಗಿ ಈ ಒಪ್ಪಿಗೆ ಪತ್ರ ತಂದೆ. ಮನೆ ನಿನ್ನ ತಂದೆಯವರು ನಿನ್ನ ಹೆಸರಿಗೆ ಮಾಡಿಕೊಟ್ಟದ್ದಲ್ಲವೇ, ಸಹಿ ನಿನ್ನದೇ ಆಗಬೇಕಂತೆ. ತಡಮಾಡದೆ ಸ್ಪೀಡ್ ಪೋಸ್ಟಿನಲ್ಲಿ ತಿರುಗಿ ಕಳಿಸು.

ಭುವನಾಗೆ ಆಶೀರ್ವಾದ. ಅಳಿಯಂದಿರನ್ನು ಕೇಳಿದೆನೆಂದು ತಿಳಿಸು. ಕಂದನ ನೆತ್ತಿಯ ಮೇಲೆ ನನ್ನ ಪಾಲಿಗೂ ಒಮ್ಮೆ ಕೈಯಾಡಿಸು.

ನಿನ್ನವನೇ,
ಮಾಧವ

ಲಕೋಟೆ ಅಂಟಿಸುವ ಮುಂಚೆ: ಅಂದು ಮೇನಕಾಗೆ ನಾನು ಆಗುವುದಿಲ್ಲ ಎಂದದ್ದು ನಿನ್ನ ಹೆಸರಿನಲ್ಲಿ. ನನಗೇನೂ ಅಡ್ಡಿಯಿಲ್ಲಮ್ಮ, ಮನೆ ಅವಳದು, ಅವಳೇ ಬೇಡವೆಂದಳು ಎಂದುಬಿಟ್ಟೆ. "ಅಮ್ಮನೇ ಬ್ಯಾಡ ಅಂದ್ರಾ? ಅಂಗಾರೆ ಬುಡಿ, ಅವರು ಸುಮ್ಸುಮ್ನೆ ಅನ್ನಾಕಿಲ್ಲ" ಎಂದು ಮುಖ ಇಳಿಸಿಕೊಂಡು ಹೋದಳು. ಅವಳ ಮಗುವಿಗೆ ಮೊದಲ ನೀರು ಹಾಕಿದವಳು ನೀನು. ಇಂದು ಬೆಳಿಗ್ಗೆ ಪೆರುಮಾಳನಿಗೆ ನಿಜ ಹೇಳಿದೆ. ಉರಿ ಆರಿಸಿ, ಕೈಯಲ್ಲಿದ್ದ ಗೆಜ್ಜೆ ಕೆಳಗಿಟ್ಟ. "ಅವಳ ತಾವ ನೀವೇ ಹೇಳಿ ಅಯ್ಯಾ. ನಾನ್ ಹೇಳಿದ್ರೆ ನಂಬಾಕಿಲ್ಲ, ನಿಮ್ಮನ್ನ ಒಳ್ಳೇವ್ರು ಅಂದ್ಕೊಂಡೌಳೆ" ಎಂದ. ಭಾನುವಾರ ರೈಲಿಗೆ ಮೊರಪ್ಪೂರಿಗೆ ಹೊರಟಿದ್ದೇನೆ. ಅಷ್ಟರಲ್ಲಿ ಅವಳೇನಾದರೂ ನಿನಗೆ ಫೋನ್ ಮಾಡಿದರೆ, ಶಾಂತಾ, ಈ ಸಲ ನನ್ನ ಮರ್ಯಾದೆ ಉಳಿಸಲು ಹೋಗಬೇಡ.