ಬೀಗ ಮುರಿಯುವ ಹ್ಯಾಕರ್

ಅಂಕಲ್,

ನಿಮ್ಮ ಮಗನ ಲ್ಯಾಪ್‌ಟಾಪ್ ಇನ್ನೂ ತೆರೆದಿಲ್ಲ, ಸಾರಿ. ಅವನು ಆಕ್ಸಿಡೆಂಟಿನಲ್ಲಿ ಹೋದ ಮೇಲೆ ನೀವು ಹಾಸ್ಟೆಲಿಗೆ ಬಂದು, "ನಿನ್ನ ಮುಂದೆ ಯಾವ ಬೀಗವೂ ನಿಲ್ಲಲ್ಲ ಅಂತಿದ್ದ ಕಣಪ್ಪ, ಇದೊಂದು ತೆಗೆದುಕೊಡು. ಇದರಲ್ಲಿ ಅವನ ದನಿ ಇದೆಯಂತೆ, ಅವರಮ್ಮ ಕೇಳಬೇಕಂತೆ" ಎಂದಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಅಂಕಲ್, ಅವನು ಹೇಳುತ್ತಿದ್ದ ಆ ಬೀಗಗಳೆಲ್ಲ ಒಂದು ಗೇಮಿನವು. ಮೆಸ್ಸಿನ ಮೇಜಿನ ಸುತ್ತ ಕೂತು ಆಡುವ ಬಾಹ್ಯಾಕಾಶದ ಕಥೆ. ಅದರಲ್ಲಿ ನಾನು ಬೀಗ ಮುರಿಯುವ, ಕ್ಯಾಮೆರಾ ತಪ್ಪಿಸುವ ಹ್ಯಾಕರ್. ಕಂಪ್ಯೂಟರ್ ಮುಟ್ಟುವುದೇ ಇಲ್ಲ, ದಾಳ ಹಾಕುತ್ತೇನೆ ಅಷ್ಟೇ. ಕಥೆ ನಡೆಸುತ್ತಿದ್ದವನು ಅವನು. ದಾಳ ಚೆನ್ನಾಗಿ ಬಿದ್ದರೆ "ಬಾಗಿಲು ತೆರೀತು, ನುಗ್ಗೋ ಕಳ್ಳ" ಅನ್ನುತ್ತಿದ್ದ. ಕೆಟ್ಟದಾಗಿ ಬಿದ್ದಾಗಲೂ ನನ್ನ ಮುಖ ನೋಡಿ ಎಷ್ಟೋ ಸಲ ಹಾಗೇ ಅಂದುಬಿಡುತ್ತಿದ್ದ.

ನಾನು ಟ್ರೈ ಮಾಡಿದ್ದು ಪಾಸ್‌ವರ್ಡ್ ಊಹಿಸುವುದೊಂದೇ. ನಾನು ವಾಪಸ್ ಕೊಟ್ಟರೂ ದಯವಿಟ್ಟು ರಿಪೇರಿ ಅಂಗಡಿಗೆ ಒಯ್ಯಬೇಡಿ, ಎಲ್ಲ ಅಳಿಸಿಬಿಡುತ್ತಾರೆ. ಚಿಕ್ಕಂದಿನಲ್ಲಿ ಆಂಟಿ ಅವನನ್ನು ಏನೆಂದು ಕರೆಯುತ್ತಿದ್ದರು, ಕೇಳಿ ತಿಳಿಸಿ. ಅದನ್ನೂ ಹಾಕಿ ನೋಡುತ್ತೇನೆ. ತಪ್ಪಾದರೂ ತೆರೀತು ಅನ್ನಲು ಈ ಸಲ ಅವನಿಲ್ಲ.

ನಿಮ್ಮ ಮಗನ ರೂಮ್‌ಮೇಟ್